ಗ್ರೇಡು ನಿಂತರೆ ಗದ್ದಲ, ಪ್ರಯೋಗ ನಿಂತರೆ? 2022ರ ಕ್ಯಾಲಿಫೋರ್ನಿಯಾ ಮುಷ್ಕರದ ಪ್ರಕರಣ

2022ರ ನವೆಂಬರ್ 14, ಸೋಮವಾರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹತ್ತೂ ಕ್ಯಾಂಪಸ್‌ಗಳಲ್ಲಿ ಸುಮಾರು 48,000 ಮಂದಿ ಕೆಲಸ ನಿಲ್ಲಿಸಿದರು. ಟಿಎಗಳು (ಬೋಧನಾ ಸಹಾಯಕರು), ಲ್ಯಾಬಿನಲ್ಲಿ ದುಡಿಯುವ ಪಿಎಚ್‌ಡಿ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು (ಪಿಎಚ್‌ಡಿ ಮುಗಿಸಿ ತಾತ್ಕಾಲಿಕ ನೇಮಕದಲ್ಲಿ ಸಂಶೋಧನೆ ಮಾಡುವವರು), ಸಂಶೋಧಕರು ಎಲ್ಲ ಒಟ್ಟಿಗೆ. ಅಮೆರಿಕದ ಉನ್ನತ ಶಿಕ್ಷಣದಲ್ಲಿ ಬೋಧನೆ, ಸಂಶೋಧನೆ ಮಾಡುವವರ ಅಷ್ಟು ದೊಡ್ಡ ಮುಷ್ಕರ ಅದುವರೆಗೆ ನಡೆದಿರಲಿಲ್ಲ. ಡಿಸೆಂಬರ್ 23ರಂದು, ಹೆಚ್ಚುಕಡಿಮೆ ಆರು ವಾರಕ್ಕೆ, ಒಪ್ಪಂದಕ್ಕೆ ಸದಸ್ಯರ ಒಪ್ಪಿಗೆ ಸಿಕ್ಕಿ ಅದು ಮುಗಿಯಿತು.

ಇದನ್ನು ಐತಿಹಾಸಿಕ ಗೆಲುವು ಎಂದವರಿದ್ದಾರೆ, ನಾಯಕರು ಮಾರಿಕೊಂಡರು ಎಂದವರೂ ಇದ್ದಾರೆ. ನನಗೆ ಎರಡರಿಂದಲೂ ಹೆಚ್ಚು ಉಪಯೋಗ ಕಾಣುವುದಿಲ್ಲ. ಯಾವ ಘಟ್ಟದಲ್ಲಿ ಯಾವ ತೀರ್ಮಾನ ತೆಗೆದುಕೊಂಡರು, ಆಗ ಅವರ ಕೈಯಲ್ಲಿ ಯಾವ ಬಲ ಇತ್ತು ಎಂದು ನೋಡಿದರೆ ಮಾತ್ರ ಬೇರೆಯವರಿಗೆ ಏನಾದರೂ ದಕ್ಕುತ್ತದೆ. ಸಂಸ್ಥೆ, ಸಂಘಗಳು, ಮತದ ಲೆಕ್ಕ ಎಲ್ಲವೂ ಬಹಿರಂಗ ದಾಖಲೆಯಲ್ಲಿರುವಂಥವು. ನಡುವೆ ಬರುವ ‘ಸ’ ಹಳೇ ಮೈಸೂರು ಕಡೆಯ ಒಬ್ಬ ಜೀವವಿಜ್ಞಾನದ ವಿದ್ಯಾರ್ಥಿ. ಅವನ ಕ್ಯಾಂಪಸ್ಸು, ವಿಭಾಗ, ಲ್ಯಾಬು ಯಾವುದೆಂದು ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದೆ.

ಹಿನ್ನೆಲೆ

ಅಲ್ಲಿ ಟಿಎ ಎಂದರೆ ಸಾಮಾನ್ಯವಾಗಿ ಅರ್ಧ ಹೊತ್ತಿನ ಕೆಲಸ, ವಾರಕ್ಕೆ 20 ಗಂಟೆ. ಚರ್ಚಾ ತರಗತಿ ನಡೆಸಬೇಕು, ಪ್ರಶ್ನೆಪತ್ರಿಕೆ ತಿದ್ದಬೇಕು, ಗ್ರೇಡು ಹಾಕಬೇಕು. ಇದಕ್ಕೆ ಒಂಬತ್ತು ತಿಂಗಳಿಗೆ ಸಿಗುತ್ತಿದ್ದುದು ಸುಮಾರು 23,250 ಡಾಲರು. ರೂಪಾಯಿಗೆ ಗುಣಿಸಿ ನೋಡಿದವರಿಗೆ ಇದು ದೊಡ್ಡ ಮೊತ್ತ ಅನ್ನಿಸಬಹುದು. ಆದರೆ ಬರ್ಕ್ಲಿ, ಲಾಸ್ ಏಂಜಲೀಸ್, ಸಾನ್ ಡಿಯಾಗೊ, ಸಾಂತಾಕ್ರೂಜ್‌ನಂಥ ಊರುಗಳಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಯ ಬಾಡಿಗೆಯೇ ಸಂಬಳದ ದೊಡ್ಡ ಪಾಲನ್ನು ನುಂಗುತ್ತದೆ. ಇಡೀ ಹೋರಾಟದ ಬೇರು ಈ ಬಾಡಿಗೆಯಲ್ಲಿತ್ತು.

2018ರಲ್ಲಿ ಟಿಎಗಳ ಸಂಘವಾದ ಯುಎಡಬ್ಲ್ಯು 2865 (ಯುನೈಟೆಡ್ ಆಟೋ ವರ್ಕರ್ಸ್ ಎಂಬ ದೊಡ್ಡ ಕಾರ್ಮಿಕ ಸಂಘದ ಒಂದು ಶಾಖೆ) ವರ್ಷಕ್ಕೆ ಶೇ. 3ರಷ್ಟು ಏರಿಕೆಯ ಒಪ್ಪಂದ ಮಾಡಿಕೊಂಡಿತ್ತು. ಸಾಂತಾಕ್ರೂಜ್‌ನಲ್ಲಿ ಮತ ಹಾಕಿದವರಲ್ಲಿ ಬಹುಪಾಲು ಅದರ ವಿರುದ್ಧವೇ ಇದ್ದರು. ಅಲ್ಲಿಯ ಬಾಡಿಗೆಗೆ ಶೇ. 3 ಯಾವ ಮೂಲೆಗೂ ಸಾಲುತ್ತಿರಲಿಲ್ಲ. 2019ರ ಡಿಸೆಂಬರಿನಲ್ಲಿ ಅವರು ಸಂಘದ ಒಪ್ಪಿಗೆಗೂ ಕಾಯದೆ ಗ್ರೇಡು ತಡೆಹಿಡಿದರು. ತಿಂಗಳಿಗೆ 1,412 ಡಾಲರಿನ ಜೀವನವೆಚ್ಚ ಭತ್ಯೆ ಕೇಳಿದರು. ಚಾಲ್ತಿಯಲ್ಲಿದ್ದ ಒಪ್ಪಂದದಲ್ಲಿ ಮುಷ್ಕರ ಮಾಡುವುದಿಲ್ಲ ಎಂಬ ಷರತ್ತಿತ್ತು, ಹಾಗಾಗಿ ಕಾನೂನಿನ ರಕ್ಷಣೆ ಇರಲಿಲ್ಲ. 2020ರ ಫೆಬ್ರವರಿ ಕೊನೆಗೆ ಹಲವಾರು ಮಂದಿಯನ್ನು ಮುಂದಿನ ಅವಧಿಯ ಕೆಲಸದಿಂದ ತೆಗೆದರು. ಆಮೇಲೆ ಆಗಸ್ಟಿನಲ್ಲಿ ವಾಪಸ್ಸು ತೆಗೆದುಕೊಂಡರೂ ಕೇಳಿದ ಭತ್ಯೆ ಸಿಗಲಿಲ್ಲ. ಸೋತ ಹೋರಾಟ ಎಂದು ಇದನ್ನು ಬದಿಗಿಡುವಂತಿಲ್ಲ. ಇಷ್ಟು ಡಾಲರು ಜಾಸ್ತಿ ಕೊಡಿ ಎನ್ನುವ ಬೇಡಿಕೆಯ ಜಾಗಕ್ಕೆ ಬಾಡಿಗೆ ಏರಿದಂತೆ ಸಂಬಳವೂ ಏರಲಿ ಎನ್ನುವ ಬೇಡಿಕೆ ಬಂದದ್ದು ಅಲ್ಲಿಂದ. ಅದನ್ನು ಎಲ್ಲರೂ ‘ಕೋಲಾ’ (ಕಾಸ್ಟ್ ಆಫ್ ಲಿವಿಂಗ್ ಅಡ್ಜಸ್ಟ್‌ಮೆಂಟ್) ಎಂದೇ ಕರೆದರು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಟಿಎಗಳ ಸಂಘಕ್ಕೆ ಮಾನ್ಯತೆ ಸಿಕ್ಕಿದ್ದು 1999ರ ಸುಮಾರಿಗೆ. ಲ್ಯಾಬಿನ ಸಂಶೋಧನಾ ಸಹಾಯಕರಿಗೆ ಮಾತ್ರ ಆ ಹಕ್ಕಿರಲಿಲ್ಲ. ಅವರು ಮಾಡುವುದು ಸ್ವಂತ ಓದು, ಕೆಲಸವಲ್ಲ ಎಂಬ ವಾದ. 2017ರಲ್ಲಿ ರಾಜ್ಯದ ಶಾಸನಸಭೆ ಕಾನೂನು ತಿದ್ದಿತು. ಆ ಹಕ್ಕು ಬಳಸಿ, ಸಹಿ ಸಂಗ್ರಹಿಸಿ, ಸುಮಾರು 17,000 ಮಂದಿಯ ಪರವಾಗಿ ಎಸ್‌ಆರ್‌ಯು (ಸ್ಟೂಡೆಂಟ್ ರಿಸರ್ಚರ್ಸ್ ಯುನೈಟೆಡ್) ಎಂಬ ಸಂಘ ಕಟ್ಟಿದರು. 2021ರ ಡಿಸೆಂಬರಿನಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಹೀಗಾಗಿ 2022ರಲ್ಲಿ ಸುಮಾರು 19,000 ಟಿಎಗಳು, ಈ 17,000 ಮಂದಿ, ಪೋಸ್ಟ್‌ಡಾಕ್ ಮತ್ತು ಸಂಶೋಧಕರು ಸೇರಿ 12,000 ಮಂದಿ ಒಂದೇ ಕಾಲಕ್ಕೆ ಮಾತುಕತೆಯ ಮೇಜಿಗೆ ಬಂದರು. ಸಂಘಟಕರ ಮೊದಲ ಒಳ್ಳೆಯ ತೀರ್ಮಾನ ಇದೇ ಎಂದು ನನ್ನ ಎಣಿಕೆ: ಬೇರೆಬೇರೆ ದಿನ ಬೇರೆಬೇರೆ ಬಾಗಿಲು ತಟ್ಟುವ ಬದಲು ಎಲ್ಲರೂ ಕಾದು, ಕೂಡಿ ಬಂದದ್ದು.

ಕೇಳಿದ್ದು, ಕೊಡುತ್ತೇವೆಂದದ್ದು

ವಿದ್ಯಾರ್ಥಿ ಕೆಲಸಗಾರರ ಬೇಡಿಕೆ ವರ್ಷಕ್ಕೆ ಕನಿಷ್ಠ 54,000 ಡಾಲರು, ಜೊತೆಗೆ ವರ್ಷವರ್ಷ ಬಾಡಿಗೆಗೆ ತಾಳೆಯಾಗುವ ಏರಿಕೆ. ಮಕ್ಕಳ ಪಾಲನೆಗೆ ನೆರವು, ಬಸ್ ಪಾಸು, ಅಂಗವಿಕಲರಿಗೆ ಸೌಲಭ್ಯ, ವಿದೇಶಿ ವಿದ್ಯಾರ್ಥಿಗಳ ಮೇಲೆ ಬೀಳುವ ಹೆಚ್ಚುವರಿ ಬೋಧನಾ ಶುಲ್ಕದ ಮನ್ನಾ ಕೂಡ ಪಟ್ಟಿಯಲ್ಲಿದ್ದವು. ವಿಶ್ವವಿದ್ಯಾಲಯ ಮೊದಲ ವರ್ಷ ಶೇ. 7, ಆಮೇಲೆ ಶೇ. 3 ಎಂದಿತು.

ಆ ಹೆಚ್ಚುವರಿ ಶುಲ್ಕದ ವಿಷಯ ಕನ್ನಡದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹೊರರಾಜ್ಯದ ಅಮೆರಿಕನ್ ವಿದ್ಯಾರ್ಥಿ ಒಂದು ವರ್ಷ ಅಲ್ಲಿ ನೆಲೆಸಿದರೆ ಕ್ಯಾಲಿಫೋರ್ನಿಯಾದವನೇ ಆಗಿಬಿಡುತ್ತಾನೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದವನು ಐದು ವರ್ಷ ಇದ್ದರೂ ಆಗುವುದಿಲ್ಲ. ಪಿಎಚ್‌ಡಿ ಅಭ್ಯರ್ಥಿ ಎನಿಸಿಕೊಳ್ಳುವವರೆಗೆ ಅವನ ತಲೆಯ ಮೇಲೆ ಆಗ ವರ್ಷಕ್ಕೆ 15,102 ಡಾಲರು ಬೀಳುತ್ತಲೇ ಇತ್ತು. ಸಾಮಾನ್ಯವಾಗಿ ಪ್ರಾಧ್ಯಾಪಕರ ಅನುದಾನ ಅಥವಾ ವಿಭಾಗ ಅದನ್ನು ತುಂಬುತ್ತದೆ. ಆದರೆ ತುಂಬುವವರು ಲೆಕ್ಕ ಹಾಕುತ್ತಾರೆ: ಇದೇ ದುಡ್ಡಿಗೆ ಇಲ್ಲಿಯವನೇ ಸಿಗುತ್ತಾನಲ್ಲ? ಭಾರತದಿಂದ, ಚೀನಾದಿಂದ ಬಂದವರಿಗೆ ಇದು ದುಡ್ಡಿನ ಪ್ರಶ್ನೆಗಿಂತ ಹೆಚ್ಚಾಗಿ ಪ್ರವೇಶದ ಪ್ರಶ್ನೆ.

ಮುಷ್ಕರಕ್ಕೆ ಹೋಗೋಣವೇ ಎಂಬ ಮತದಾನದಲ್ಲಿ ಶೇ. 98 ಹೌದು ಎಂದರು. ಕಾನೂನಿನ ದೃಷ್ಟಿಯಲ್ಲಿ ಇದನ್ನು ಸಂಬಳದ ಮುಷ್ಕರ ಎನ್ನದೆ, ಮಾತುಕತೆಯಲ್ಲಿ ವಿಶ್ವವಿದ್ಯಾಲಯ ನಿಯಮ ಮೀರಿ ನಡೆದುಕೊಂಡಿದೆ ಎಂಬ ಆರೋಪದ ಮೇಲಿನ ಮುಷ್ಕರ ಎಂದು ಕರೆದರು. ಅಂಥ ಮುಷ್ಕರದಲ್ಲಿ ಭಾಗವಹಿಸುವವರಿಗೆ ರಕ್ಷಣೆ ಹೆಚ್ಚು. ಸಾಂತಾಕ್ರೂಜ್‌ನ ಪಾಠ ಇಲ್ಲಿ ಕೆಲಸಕ್ಕೆ ಬಂತು.

‘ಸ’ನ ಲ್ಯಾಬು

ಮುಷ್ಕರದ ಹಿಂದಿನ ವಾರ ‘ಸ’ ಮತ್ತು ಅವನ ಜೊತೆಯವರ ಮುಂದಿದ್ದ ಪ್ರಶ್ನೆ ಸಂಬಳದ್ದಲ್ಲ, ಕೋಶಗಳದ್ದು. ಡಿಶ್ಶಿನಲ್ಲಿ ಬೆಳೆಸಿದ ಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಮೀಡಿಯಾ, ಅಂದರೆ ಅವು ಬೆಳೆಯುವ ಪೋಷಕ ದ್ರವ, ಬದಲಿಸಬೇಕು. ಇಲ್ಲದಿದ್ದರೆ ಸಾಯುತ್ತವೆ. ಮುಷ್ಕರ ಅಂತ ಅವಕ್ಕೇನು ಗೊತ್ತು? ಮೂರು ತಿಂಗಳು ಕೂತು ಒಂದು ಜೀನನ್ನು ತಿದ್ದಿ ತಯಾರಿಸಿದ ಕೋಶಗಳ ತಳಿ ಒಂದು ವಾರದಲ್ಲಿ ಹೋಗಿಬಿಡಬಹುದು.

ಅವರು ಮಾಡಿದ್ದು ಇಷ್ಟು. ಕೂತು ಪಟ್ಟಿ ಮಾಡಿದರು. ಘನೀಕರಿಸಿ ಇಡಬಹುದಾದ್ದನ್ನೆಲ್ಲ ವಯಲ್‌ಗಳಿಗೆ ತುಂಬಿ, ಮೊದಲು ಮೈನಸ್ 80ರ ಫ್ರೀಜರಿಗೆ, ಮರುದಿನ ದ್ರವ ನೈಟ್ರೋಜನ್ ಟ್ಯಾಂಕಿಗೆ ಇಳಿಸಿದರು. ಘನೀಕರಿಸಲಾಗದ ಪ್ರಯೋಗಗಳನ್ನು ಆ ವಾರ ಶುರುವೇ ಮಾಡಲಿಲ್ಲ. ಟ್ಯಾಂಕಿಗೆ ನೈಟ್ರೋಜನ್ ತುಂಬಿಸುವ ಜವಾಬ್ದಾರಿಯನ್ನು ಮುಷ್ಕರದಲ್ಲಿ ಇಲ್ಲದ ಸಿಬ್ಬಂದಿಗೆ ಬರೆದು ಒಪ್ಪಿಸಿದರು. ಪಕ್ಕದ ಲ್ಯಾಬಿನವರು ನೋಡೋಣ, ಎರಡು ದಿನಕ್ಕೆ ಮುಗಿಯುತ್ತೆ ಎಂದು ಕೈಕಟ್ಟಿ ಕೂತಿದ್ದರು. ನಾಲ್ಕನೆಯ ದಿನ ಅವರಲ್ಲಿ ಇಬ್ಬರು ಹಿಂಬಾಗಿಲಿನಿಂದ ಒಳಗೆ ಹೋದರು. ಒಮ್ಮೆ ಹೋದವರು ದಿನಾ ಹೋಗತೊಡಗಿದರು. ಪಿಕೆಟ್ ಲೈನಿನಲ್ಲಿ, ಅಂದರೆ ಮುಷ್ಕರದವರು ಬಾಗಿಲ ಹೊರಗೆ ನಿಲ್ಲುವ ಸಾಲಿನಲ್ಲಿ, ಭಾಷಣ ಎಷ್ಟು ಚೆನ್ನಾಗಿತ್ತು ಎಂಬುದಕ್ಕಿಂತ ಈ ಘನೀಕರಣದ ಕೆಲಸವೇ ಯಾವ ಲ್ಯಾಬು ಮುಷ್ಕರದಲ್ಲಿ ಉಳಿಯುತ್ತದೆ, ಯಾವುದು ಕರಗುತ್ತದೆ ಎಂದು ತೀರ್ಮಾನಿಸಿತು ಎಂದು ‘ಸ’ ಹೇಳುತ್ತಾನೆ. ನಾನು ನಂಬುತ್ತೇನೆ.

ಮನೆಯಿಂದ ಬಂದ ಫೋನು ಇನ್ನೊಂದು ಬಗೆಯದು.

“ಅಲ್ಲ ಮಗ, ಓದಕ್ಕೆ ಅಂತ ಹೋಗಿ ಸ್ಟ್ರೈಕ್ ಮಾಡ್ತಾ ಕೂತಿದೀಯಲ್ಲ. ವೀಸಾ ಗೀಸಾ ಕಿತ್ಕೊಂಡ್ರೆ ಏನ್ ಮಾಡ್ತೀಯ?”

“ಹಂಗೇನಾಗಲ್ಲಪ್ಪ. ಕಾನೂನು ಪ್ರಕಾರನೇ ನಡೀತಿರೋದು. ರಿಜಿಸ್ಟರ್ ಆಗಿ ಓದ್ತಾ ಇದ್ರೆ ವೀಸಾಗೆ ತೊಂದ್ರೆ ಇಲ್ಲ.”

“ನೀನು ಅಂದ್ರೆ ಆಯ್ತಾ? ಯಾರಾದ್ರೂ ಬರೆದು ಕೊಟ್ಟವ್ರಾ?”

ಅಪ್ಪನ ಆ ಕೊನೆಯ ಪ್ರಶ್ನೆಯನ್ನೇ ‘ಸ’ ಸಂಘದ ಸಭೆಗೆ ಒಯ್ದ. ವಿದೇಶಿ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಪಿಸುಗುಟ್ಟಿಕೊಳ್ಳುತ್ತಿದ್ದುದೂ ಇದೇ. ಎಫ್-1 ಸ್ಥಾನಮಾನ ನಿಂತಿರುವುದು ಪೂರ್ಣಾವಧಿ ದಾಖಲಾತಿಯ ಮೇಲೆ, ಕಾನೂನುಬದ್ಧ ಮುಷ್ಕರದಲ್ಲಿ ಭಾಗವಹಿಸಿದ ಮಾತ್ರಕ್ಕೆ ಅದು ಕೆಡುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಸರಳವಾಗಿ ಬರೆದು ಹಂಚಿದ ಮೇಲೆ ಅವನ ವಿಭಾಗದಲ್ಲಿ ಭಾರತೀಯರೂ ಚೀನೀಯರೂ ಸಾಲಿಗೆ ಬಂದರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡದೆ ಇದು ಆಗುತ್ತಿರಲಿಲ್ಲ. ಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ.

ಅವನ ಪ್ರಾಧ್ಯಾಪಕರು ಕೆಟ್ಟವರೇನಲ್ಲ. ತಡೆಯಲಿಲ್ಲ, ಹೆದರಿಸಲಿಲ್ಲ. ಒಂದೇ ಮಾತು ಹೇಳಿದರು: “ನೀನು ನಿಲ್ಲಿಸುವುದು ನಿನ್ನದೇ ಥೀಸಿಸ್ಸನ್ನು.” ಆ ಮಾತು ನಿಜ. ಲ್ಯಾಬಿನವರ ಮುಷ್ಕರದ ಇಕ್ಕಟ್ಟೆಲ್ಲ ಅದರಲ್ಲೇ ಇದೆ. ಕಾಗದದ ಮೇಲೆ ಅವರ ನೇಮಕ ವಾರಕ್ಕೆ 20 ಗಂಟೆ, ಲ್ಯಾಬಿನಲ್ಲಿ ಇರುವುದು ಐವತ್ತು ಅರವತ್ತು. ನಿಲ್ಲಿಸಬೇಕಾದದ್ದು ಇಪ್ಪತ್ತನ್ನೋ, ಅರವತ್ತನ್ನೋ? ಕೆಲಸ ಯಾವುದು, ಓದು ಯಾವುದು ಎಂದು ಗೆರೆ ಎಳೆಯಲು ಯಾರಿಂದಲೂ ಆಗಲಿಲ್ಲ. ಟಿಎ ಕೈಬಿಟ್ಟರೆ ನೂರು ವಿದ್ಯಾರ್ಥಿಗಳ ಗ್ರೇಡು ನಿಲ್ಲುತ್ತದೆ, ಪೋಷಕರು ಫೋನು ಮಾಡುತ್ತಾರೆ, ಆಡಳಿತಕ್ಕೆ ಅಂದೇ ಬಿಸಿ ತಟ್ಟುತ್ತದೆ. ಲ್ಯಾಬಿನವನು ಕೈಬಿಟ್ಟರೆ ಆರು ವಾರದಲ್ಲಿ ಮೊದಲು ನೋಯುವುದು ಅವನಿಗೇ. ಅನುದಾನದ ವರದಿ ತಡವಾಗಿ ವಿಶ್ವವಿದ್ಯಾಲಯಕ್ಕೆ ನೋವು ತಲುಪಲು ತಿಂಗಳುಗಳು ಬೇಕು. ಎರಡು ಸಂಘಗಳ ಗಡಿಯಾರ ಬೇರೆಬೇರೆ ವೇಗದಲ್ಲಿ ಓಡುತ್ತಿತ್ತು. ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ ಎಂಬುದು ನನ್ನ ವಾದ.

ಹೊರಗಿನ ಬೆಂಬಲದ ಬಗ್ಗೆ ಒಂದು ಮಾತು. ಯುಪಿಎಸ್ ಎಂಬ ಪಾರ್ಸೆಲ್ ಕಂಪನಿಯ ಚಾಲಕರು ಹಲವೆಡೆ ಪಿಕೆಟ್ ಲೈನ್ ದಾಟಿ ಪಾರ್ಸೆಲ್ ಒಯ್ಯಲು ಒಪ್ಪಲಿಲ್ಲ, ಕಟ್ಟಡ ಕೆಲಸದವರು ಕೆಲವೆಡೆ ವಾಪಸ್ಸು ಹೋದರು. ರಾಸಾಯನಿಕ, ಕಿಣ್ವ ಎಲ್ಲ ಪಾರ್ಸೆಲ್ಲಿನಲ್ಲೇ ಬರುವ ಲ್ಯಾಬುಗಳಿಗೆ ಇದು ಯಾವ ಘೋಷಣೆಗಿಂತಲೂ ಜೋರಾಗಿ ಕೇಳಿಸಿತು.

ತಿರುವುಗಳು

ಮೊದಲ ತಿರುವು ನವೆಂಬರ್ 29. ಪೋಸ್ಟ್‌ಡಾಕ್‌ಗಳು ಮತ್ತು ಸಂಶೋಧಕರು ತಾತ್ಕಾಲಿಕ ಒಪ್ಪಂದಕ್ಕೆ ಬಂದರು. ಅವರಿಗೆ ಸಿಕ್ಕ ಏರಿಕೆ ಚೆನ್ನಾಗಿತ್ತು. ಮತದಾನ ಮುಗಿಯುವವರೆಗೂ ಸಾಲಿನಲ್ಲೇ ನಿಂತಿದ್ದರು ಎಂಬುದು ಅವರ ದೊಡ್ಡತನ. ಡಿಸೆಂಬರ್ 9ಕ್ಕೆ ಅದು ಅಂಗೀಕಾರವಾಯಿತು, 12,000 ಮಂದಿ ಕೆಲಸಕ್ಕೆ ಮರಳಿದರು, 36,000 ಉಳಿದರು. ಕೂಡಿ ಬಂದವರು ಕೂಡಿಯೇ ಹೋಗಬೇಕೆಂಬ ಕರಾರು ಮೊದಲೇ ಆಗಿರಲಿಲ್ಲ. ಹಾಗೆ ಕರಾರು ಮಾಡಿಕೊಂಡಿದ್ದರೆ ಪೋಸ್ಟ್‌ಡಾಕ್‌ಗಳು ಒಪ್ಪುತ್ತಿದ್ದರೇ ಎಂಬುದು ಬೇರೆ ಮಾತು. ಅವರಿಗೆ ಸಂಸಾರ, ಮಕ್ಕಳು, ಇನ್ನೊಂದು ವರ್ಷಕ್ಕೆ ಮುಗಿಯುವ ನೇಮಕ. ಆದರೆ ‘ಸ’ನ ಲ್ಯಾಬಿನಲ್ಲಿ ಅವನ ಪಕ್ಕದ ಬೆಂಚಿನ ಪೋಸ್ಟ್‌ಡಾಕ್ ಮರಳಿ ಪೈಪೆಟ್ ಹಿಡಿದಾಗ ಬಾಗಿಲ ಹೊರಗೆ ನಿಲ್ಲುವುದು ಮೊದಲಿನಷ್ಟು ಸುಲಭವಾಗಿರಲಿಲ್ಲ.

ಎರಡನೆಯದು ಅದರ ಬೆನ್ನಿಗೇ ಬಂತು. ಟಿಎ ಸಂಘದ ಮಾತುಕತೆ ತಂಡ ಕನಿಷ್ಠ ಸಂಬಳದ ಬೇಡಿಕೆಯನ್ನು 54,000ದಿಂದ 43,000ಕ್ಕೆ ಇಳಿಸಲು ಮತ ಹಾಕಿತು. ಹತ್ತಕ್ಕೆ ಒಂಬತ್ತು! ಬಾಡಿಗೆಗೆ ಕಟ್ಟಿದ ಕೋಲಾ ಕೂಡ ಇಷ್ಟರಲ್ಲಿ ಮೇಜಿನಿಂದ ಇಳಿದಿತ್ತು. ಮಾತುಕತೆ ಜೂಮ್‌ನಲ್ಲಿ ಸದಸ್ಯರಿಗೆ ತೆರೆದಿದ್ದರಿಂದ ಈ ಒಡಕು ಎಲ್ಲರಿಗೂ ಕಾಣಿಸಿತು. ಹತ್ತು ಮಂದಿಯ ವಾದವನ್ನು ಹೀಗೆ ಹೇಳಬಹುದು: ಲ್ಯಾಬುಗಳಲ್ಲಿ ಜನ ಸೋರಿಹೋಗುತ್ತಿದ್ದಾರೆ, ಬಲ ಇರುವಾಗಲೇ ನಿಜವಾಗಿ ಸಿಗುವ ಅಂಕಿಗೆ ಬರೋಣ. ಒಂಬತ್ತು ಮಂದಿಯದು ತದ್ವಿರುದ್ಧ: ಗ್ರೇಡು ಸಲ್ಲಿಸುವ ಗಡುವು ಇನ್ನೂ ಬಂದೇ ಇಲ್ಲ, ನಮ್ಮ ಬಲ ಶುರುವಾಗುವುದೇ ಆಗ, ಅದಕ್ಕೆ ಮೊದಲೇ ಇಳಿಯುವುದೇಕೆ? ಎರಡೂ ಲೆಕ್ಕ ಸರಿ. ಒಂದು ಲ್ಯಾಬಿನ ಗಡಿಯಾರ ನೋಡಿ ಆಡಿದ್ದು, ಇನ್ನೊಂದು ತರಗತಿಯದು. ನನ್ನ ಒಲವು ಒಂಬತ್ತು ಮಂದಿಯ ಕಡೆಗೆ, ಅದೂ ದಿನಾಂಕದ ಕಾರಣಕ್ಕೆ ಮಾತ್ರ: ಹತ್ತರಲ್ಲಿ ಎಂಟು ಕ್ಯಾಂಪಸ್‌ಗಳಲ್ಲಿ ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ ಇತ್ತು, ಪರೀಕ್ಷೆ ಡಿಸೆಂಬರ್ ಎರಡನೆಯ ವಾರಕ್ಕೆ ಬರುತ್ತಿತ್ತು. ಇನ್ನು ಹತ್ತು ದಿನ ಕಾದು ಇಳಿದಿದ್ದರೂ ಇಳಿಯಬಹುದಿತ್ತು. ಒಮ್ಮೆ ಇಳಿಸಿದ ಅಂಕಿಯನ್ನು ಮತ್ತೆ ಏರಿಸಲು ಬರುವುದಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ಡಿಸೆಂಬರ್ 5ರಂದು ವಿಶ್ವವಿದ್ಯಾಲಯದ ಸ್ಯಾಕ್ರಮೆಂಟೊ ಕಚೇರಿಯಲ್ಲಿ ಧರಣಿ ಕೂತ 17 ಮಂದಿಯ ಬಂಧನವಾಯಿತು. ಗ್ರೇಡಿನ ಗಡುವು ಬಂತು. ಹಲವು ಕ್ಯಾಂಪಸ್‌ಗಳು ಅದನ್ನು ಮುಂದೂಡಿ ಬಿಸಿಯನ್ನು ಸ್ವಲ್ಪ ತಣಿಸಿಕೊಂಡವು. ಸ್ಯಾಕ್ರಮೆಂಟೊದ ಮೇಯರ್ ಡ್ಯಾರೆಲ್ ಸ್ಟೈನ್‌ಬರ್ಗ್ ಮಧ್ಯಸ್ಥಿಕೆಗೆ ಕೂತರು. ಡಿಸೆಂಬರ್ 16ಕ್ಕೆ ತಾತ್ಕಾಲಿಕ ಒಪ್ಪಂದ ಸಿದ್ಧ. ಮತದಾನ ರಜೆಯ ಹೊಸ್ತಿಲಲ್ಲಿ, ಅರ್ಧ ಜನ ಊರಿಗೆ ಹೊರಟ ಹೊತ್ತಿನಲ್ಲಿ.

ಫಲಿತಾಂಶ

ಟಿಎ ಸಂಘದಲ್ಲಿ ಶೇ. 61.6, ಲ್ಯಾಬಿನವರ ಸಂಘದಲ್ಲಿ ಶೇ. 68.4 ಹೌದು ಎಂದರು. ಟಿಎಗಳ ಪೈಕಿ ಸಾಂತಾಕ್ರೂಜ್, ಸಾಂತಾ ಬಾರ್ಬರಾ, ಮರ್ಸೆಡ್ ಕ್ಯಾಂಪಸ್‌ಗಳು ಬೇಡ ಎಂದವು.

ಸಿಕ್ಕಿದ್ದನ್ನು ಕಡಿಮೆ ಅಂದಾಜು ಮಾಡಬಾರದು. ಅರ್ಧ ಹೊತ್ತಿನ ಟಿಎಗೆ ಒಂಬತ್ತು ತಿಂಗಳ ಕನಿಷ್ಠ ಸಂಬಳ 2024ರ ಅಕ್ಟೋಬರ್ 1ರ ಹೊತ್ತಿಗೆ 34,000 ಡಾಲರು. ಬರ್ಕ್ಲಿ, ಲಾಸ್ ಏಂಜಲೀಸ್, ಸಾನ್ ಫ್ರಾನ್ಸಿಸ್ಕೊದಲ್ಲಿ 36,500. ಲ್ಯಾಬಿನವರಿಗೆ ಕನಿಷ್ಠ 34,564.50. ಮಕ್ಕಳ ಪಾಲನೆಗೆ ನೆರವು ಹೆಚ್ಚಿತು. ಶೇ. 7ರಿಂದ ಶುರುವಾದ ಮಾತು ಟಿಎಗಳ ಕನಿಷ್ಠಕ್ಕೆ ಶೇ. 46ರವರೆಗೆ ಬಂದು ನಿಂತಿತು.

ಆದರೂ ಮೂರು ಕ್ಯಾಂಪಸ್‌ಗಳ ಸಿಟ್ಟಿಗೆ ಕಾರಣವಿತ್ತು. ಕೋಲಾ ಎಂಬ ಬೇಡಿಕೆ ಹುಟ್ಟಿದ ಸಾಂತಾಕ್ರೂಜ್ ಮೇಲಿನ ದರ್ಜೆಯ ಕ್ಯಾಂಪಸ್‌ಗಳ ಪಟ್ಟಿಯಲ್ಲೇ ಇಲ್ಲ. ಅಲ್ಲಿಯ ಬಾಡಿಗೆ ಬರ್ಕ್ಲಿಗಿಂತ ಅಗ್ಗ ಎಂದು ಯಾರೂ ಹೇಳಲಾರರು. ಒಂದೇ ಕೆಲಸಕ್ಕೆ ಎರಡು ದರ ಎಂಬುದು ಸಂಘದೊಳಗೇ ಒಂದು ಗೋಡೆ ಕಟ್ಟಿತು. ವಿದೇಶಿಯರ ಹೆಚ್ಚುವರಿ ಶುಲ್ಕದ ವಿಷಯದಲ್ಲಿ ಸಿಕ್ಕಿದ್ದೂ ಅರ್ಧಂಬರ್ಧ. ಪಿಎಚ್‌ಡಿ ಅಭ್ಯರ್ಥಿತನ (ಅರ್ಹತಾ ಹಂತ ದಾಟಿ ಪ್ರಬಂಧದ ಹಂತಕ್ಕೆ ಬರುವುದು) ಸಿಕ್ಕ ಮೇಲೆ ಮೂರು ವರ್ಷ ಮನ್ನಾ ಎಂಬುದು ವಿಶ್ವವಿದ್ಯಾಲಯದ ನೀತಿಯಲ್ಲಿ ಮೊದಲೇ ಇತ್ತು; ಈಗ ಅದು ಒಪ್ಪಂದದೊಳಗೆ ಬಂದು ಏಕಪಕ್ಷೀಯವಾಗಿ ತೆಗೆಯಲಾಗದಂತಾಯಿತು, ಅಷ್ಟೆ. ಮೊದಲ ವರ್ಷಗಳ ಹೊರೆ ಹಾಗೇ ಉಳಿಯಿತು. ‘ಸ’ ಹೌದು ಎಂದೇ ಮತ ಹಾಕಿದ. ಅವನ ಸಂಘಕ್ಕೆ ಇದು ಮೊಟ್ಟಮೊದಲ ಒಪ್ಪಂದ, ಅದುವರೆಗೆ ದೂರು ಕೊಡಲು ಒಂದು ಕಿಟಕಿಯೂ ಇರಲಿಲ್ಲ. ಲ್ಯಾಬಿನ ಶೇ. 68ರ ಹಿಂದೆ ಇಂಥವರೇ ಹೆಚ್ಚಿದ್ದರು ಎಂದುಕೊಳ್ಳುತ್ತೇನೆ.

ಸಹಿ ಬಿದ್ದ ಮೇಲೂ ಜಗಳ ಮುಗಿಯಲಿಲ್ಲ. ಕನಿಷ್ಠ ಸಂಬಳ ಏರಿಸಿದರೆ ಮಾಲೀಕನಿಗೆ ಉಳಿಯುವ ದಾರಿಗಳು ಎರಡು: ತಲೆ ಕಡಿಮೆ ಮಾಡುವುದು, ಗಂಟೆ ಕಡಿಮೆ ಮಾಡುವುದು. ಮುಂದಿನ ಪ್ರವೇಶದಲ್ಲಿ ಸೀಟು ಇಳಿಸುವ ಮಾತು ಹಲವು ವಿಭಾಗಗಳಲ್ಲಿ ಬಂತು. ನೇಮಕದ ಶೇಕಡಾವಾರು ಎಷ್ಟು (ಅರ್ಧ ಹೊತ್ತು ಎಂದರೆ ಶೇ. 50), ಯಾವ ಮೆಟ್ಟಿಲಿನ ಸಂಬಳ ಎಂಬ ತಕರಾರುಗಳೂ ಎದ್ದವು. ಸಂಬಳದ ಅಂಕಿಯನ್ನು ಬಿಗಿಯಾಗಿ ಹಿಡಿದವರು ಅದರ ಪಕ್ಕದ ಶೇಕಡಾವಾರನ್ನೂ ಅಷ್ಟೇ ಬಿಗಿಯಾಗಿ ಹಿಡಿಯಬೇಕಿತ್ತು. ಐವತ್ತನ್ನು ನಲವತ್ತು ಮಾಡಿದರೆ 34,000 ಎಲ್ಲಿ ಉಳಿಯುತ್ತದೆ?

ನಮ್ಮಲ್ಲಿಯ ಓದುಗರು ಕೇಳಬಹುದು, ಇದರಿಂದ ಬೆಂಗಳೂರಿನ, ಮೈಸೂರಿನ ಸಂಶೋಧನಾ ವಿದ್ಯಾರ್ಥಿಗೆ ಏನು ಎಂದು. ನಮ್ಮ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) 2019ರಲ್ಲಿ ತಿಂಗಳಿಗೆ 31,000 ರೂಪಾಯಿ ಆಯಿತು, 2023ರಲ್ಲಿ 37,000. ಎರಡು ಸಲವೂ ವಿದ್ಯಾರ್ಥಿಗಳು ಬೀದಿಗೆ ಬಂದು, ಸಹಿ ಸಂಗ್ರಹಿಸಿ, ದೆಹಲಿಗೆ ಪತ್ರ ಬರೆದು ಕಾಯಬೇಕಾಯಿತು. ಮೇಜಿನ ಆ ಕಡೆ ಕೂತು ಸಹಿ ಹಾಕುವ ಮಾಲೀಕ ಇಲ್ಲಿ ಇಲ್ಲ. ಫೆಲೋಶಿಪ್ ಪಡೆಯುವವನು ಕಾನೂನಿನ ಕಣ್ಣಿಗೆ ಕೆಲಸಗಾರನೂ ಅಲ್ಲ. ಆದ್ದರಿಂದ ಕ್ಯಾಲಿಫೋರ್ನಿಯಾದಿಂದ ಮುಷ್ಕರವನ್ನು ಹಾಗೇ ಎತ್ತಿ ತರಲು ಬರುವುದಿಲ್ಲ. ಏಕೆ ಕೆಲವು ಲ್ಯಾಬುಗಳು ಉಳಿದವು, ಏಕೆ ಕೆಲವು ಕರಗಿದವು ಎಂಬುದನ್ನು ಮಾತ್ರ ಎಲ್ಲಿ ಬೇಕಾದರೂ ಒಯ್ಯಬಹುದು.

ಸಂಘಗಳು ಆಮೇಲೆ ಮಾಡಿದ ಕೆಲಸದಲ್ಲಿ ಇದಕ್ಕೆ ಒಂದಿಷ್ಟು ಉತ್ತರ ಇದೆ. ಟಿಎಗಳು, ಲ್ಯಾಬಿನವರು, ಪೋಸ್ಟ್‌ಡಾಕ್‌ಗಳು ಎಲ್ಲ ಸೇರಿ 2024ರಲ್ಲಿ ಯುಎಡಬ್ಲ್ಯು 4811 ಎಂಬ ಒಂದೇ ಸಂಘವಾದರು. ಗಡಿಯಾರದ ಪ್ರಶ್ನೆ ಮಾತ್ರ ಉಳಿಯಿತು. 2022ರ ಒಪ್ಪಂದದಲ್ಲಿ ಅವಧಿ ಮುಗಿಯುವ ದಿನ 2025ರ ಮೇ 31 ಎಂದಿತ್ತು. ಸೆಮಿಸ್ಟರ್ ಪದ್ಧತಿಯ ಬರ್ಕ್ಲಿ ಮತ್ತು ಮರ್ಸೆಡ್‌ನಲ್ಲಿ ಅಷ್ಟು ಹೊತ್ತಿಗೆ ಗ್ರೇಡು ಸಲ್ಲಿಸಿ ಆಗಿರುತ್ತದೆ. ಉಳಿದೆಡೆ ಪರೀಕ್ಷೆಗೆ ಸುಮಾರು ಒಂದು ವಾರ, ಅದರಾಚೆ ಬೇಸಿಗೆ ರಜೆ. ಸಂಬಳದ ಕಾಲಮ್ಮಿನ ಮೇಲೆ ಆರು ವಾರ ಕಾದಾಡಿದ ಜನ ಈ ಒಂದು ದಿನಾಂಕದ ಮೇಲೆ ಅಷ್ಟು ಮಾತಾಡಿದ್ದು ಕಾಣುವುದಿಲ್ಲ. ಯಾವ ಸಂಘ ಮುಂದೆ ಕರಡು ಬರೆಯಲು ಕೂತರೂ ಮೊದಲು ಬೋಧನಾ ಕ್ಯಾಲೆಂಡರು ಬಿಡಿಸಿ, ಗ್ರೇಡಿನ ಗಡುವು ಎಲ್ಲಿದೆ ನೋಡಿ, ಅದಕ್ಕೆ ನಾಲ್ಕೈದು ವಾರ ಮೊದಲು ಒಪ್ಪಂದ ಮುಗಿಯುವಂತೆ ದಿನ ಕೇಳಲಿ. ಅದಕ್ಕಾಗಿ ಶೇಕಡಾ ಅರ್ಧ ಬಿಟ್ಟುಕೊಡಬೇಕಾಗಿ ಬಂದರೂ ಸರಿಯೇ.